ಹರಳಿಗೆ ತಕ್ಕ ಕುಳಿ

ಒಡವೆಯಲ್ಲಿ ಹರಳು ಕೂರಿಸುವುದು ಅಂದಕ್ಕಾಗಿ. ಆಯುಧದಲ್ಲಿ ಹರಳು ಕೂರಿಸುವುದು ಪ್ರಾಣರಕ್ಷಣೆಗಾಗಿ. ಇದು ಪುರಾಣದ ಮಾತಲ್ಲ. ಅಮೆರಿಕದ ಬ್ಲಿಜಾರ್ಡ್ ಸಂಸ್ಥೆಯು 2000ದಲ್ಲಿ ಹೊರತಂದ ‘ಡಯಾಬ್ಲೊ 2’ ಎಂಬ ಕಂಪ್ಯೂಟರ್ ಆಟದ ಮಾತು. ಇಲ್ಲಿ ಆಟಗಾರನು ವೀರನೊಬ್ಬನ ಪಾತ್ರ ವಹಿಸಿ ಪಿಶಾಚಿಗಳೊಡನೆ ಕಾದುತ್ತಾನೆ. ಕತ್ತಿ ಗುರಾಣಿಗಳೊಡನೆ ಆಗೊಮ್ಮೆ ಈಗೊಮ್ಮೆ ಮಾಯಾರತ್ನವೂ ಅವನ ಕೈಸೇರುತ್ತದೆ.

ಈ ರತ್ನಗಳನ್ನು ಆಯುಧಗಳಲ್ಲಿರುವ ಕುಳಿಗಳಲ್ಲಿ ಕೂರಿಸಬೇಕು. ಸ್ವಾರಸ್ಯವೆಂದರೆ, ರತ್ನದ ಗುಣವು ಅದು ಕುಳಿತ ಸ್ಥಾನವನ್ನು ಅವಲಂಬಿಸಿದೆ. ಮಾಣಿಕ್ಯವು ಕತ್ತಿಯಲ್ಲಿದ್ದರೆ ಬೆಂಕಿಯಾಗಿ ಶತ್ರುವನ್ನು ಸುಡುತ್ತದೆ. ಗುರಾಣಿಯಲ್ಲಿದ್ದರೆ ಶತ್ರುವಿನ ಬೆಂಕಿಯನ್ನು ತಡೆಯುತ್ತದೆ. ಕವಚದಲ್ಲಿದ್ದರೆ ವೀರನ ಪ್ರಾಣಶಕ್ತಿಯನ್ನು ಹೆಚ್ಚಿಸುತ್ತದೆ. ಪುಷ್ಯರಾಗವು ಕತ್ತಿಗೆ ಸಿಡಿಲಿನ ಬಲ ಕೊಡುತ್ತದೆ. ಕವಚದಲ್ಲಿ ಕುಳಿತರೆ ಅಪೂರ್ವ ವಸ್ತುಗಳು ದೊರಕುವ ಭಾಗ್ಯವನ್ನು ತರುತ್ತದೆ.

ರತ್ನಗಳಲ್ಲಿ ಐದು ದರ್ಜೆಗಳುಂಟು. ಒಂದೇ ಜಾತಿಯ, ಒಂದೇ ದರ್ಜೆಯ ಮೂರು ಹರಳುಗಳನ್ನು ‘ಹೊರಾಡ್ರಿಕ್ ಕ್ಯೂಬ್’ ಎಂಬ ಮಾಯಾಪೆಟ್ಟಿಗೆಯಲ್ಲಿ ಹಾಕಿದರೆ ಮೇಲಿನ ದರ್ಜೆಯ ಒಂದು ಹರಳು ಹೊರಬರುತ್ತದೆ. ಈ ಲೆಕ್ಕದಲ್ಲಿ ಒಡಕು ಹರಳುಗಳಿಂದಲೇ ಪರಿಪೂರ್ಣ ಮಾಣಿಕ್ಯವೊಂದನ್ನು ಪಡೆಯಲು ಎಂಬತ್ತೊಂದು ಹರಳುಗಳು ಬೇಕು! ಅಷ್ಟನ್ನು ಕೂಡಿಟ್ಟವನಿಗೆ ಅದನ್ನು ಬಳಸಲು ಕೈ ಬಂದೀತೆ?

ಕಷ್ಟವಿರುವುದು ಇಲ್ಲಿಯೇ. ಕೂರಿಸಿದ ಹರಳು ಮರಳಿ ಕೈಗೆ ಬಾರದು. ಕುಳಿಯನ್ನು ಬರಿದು ಮಾಡುವ ಉಪಾಯವೊಂದು ಮುಂದೆ ಬಂದಿತಾದರೂ, ಅದರಿಂದ ಕತ್ತಿ ಉಳಿಯುತ್ತದೆಯೇ ಹೊರತು ರತ್ನ ನಾಶವಾಗುತ್ತದೆ. ಇಂದಿನ ಕತ್ತಿಗೆ ಮಾಣಿಕ್ಯವನ್ನು ಕೊಟ್ಟರೆ, ನಾಳೆ ಅದಕ್ಕಿಂತ ಮೇಲಾದ ಕತ್ತಿ ಸಿಕ್ಕಾಗ ಪರಿತಪಿಸಬೇಕು. ನಾಳೆಗೆಂದು ಕಾದಿಟ್ಟರೆ, ಇಂದಿನ ಕಾಳಗದಲ್ಲಿಯೇ ವೀರನು ಮಡಿಯಬಹುದು.

ಜಪಾನಿನ ಸ್ಕ್ವೇರ್ ಸಂಸ್ಥೆಯು 1997ರಲ್ಲಿ ಪ್ರಕಟಿಸಿದ ‘ಫೈನಲ್ ಫ್ಯಾಂಟಸಿ 7’ ಈ ಚಿಂತೆಯನ್ನು ಇನ್ನೊಂದು ಬಗೆಯಲ್ಲಿ ಪರಿಹರಿಸಿತು. ಅಲ್ಲಿಯ ‘ಮೆಟೀರಿಯಾ’ ಎಂಬ ಗೋಲಗಳನ್ನು ಬೇಕಾದಾಗ ತೆಗೆದು ಬೇರೆ ಆಯುಧಕ್ಕೆ ಹಾಕಬಹುದು. ಕಾಳಗದಿಂದ ಕಾಳಗಕ್ಕೆ ಅವುಗಳ ಶಕ್ತಿಯೂ ಬೆಳೆಯುತ್ತದೆ. ಆದರೂ ಆಯ್ಕೆಯ ಸಂಕಟ ಅಲ್ಲಿಯೂ ತಪ್ಪಿದ್ದಲ್ಲ. ನಾಯಕ ಕ್ಲೌಡ್‌ನಿಗೆ ಕೊನೆಯಲ್ಲಿ ದೊರೆಯುವ ‘ಅಲ್ಟಿಮಾ ವೆಪನ್’ ಎಂಬ ಮಹಾಖಡ್ಗದಲ್ಲಿ ಎಂಟು ಕುಳಿಗಳಿವೆ. ಆದರೆ ಅವುಗಳಲ್ಲಿ ಕುಳಿತ ಯಾವ ಗೋಲವೂ ಬೆಳೆಯದು. ಇಂದಿನ ಬಲ ಬೇಕೆಂದವನು ನಾಳಿನ ಬೆಳವಣಿಗೆಯನ್ನು ಬಿಟ್ಟುಕೊಡಬೇಕು.

ಮನೆಯಲ್ಲಿ ಮಕ್ಕಳು ಇಂತಹ ಆಟದ ಮುಂದೆ ಕುಳಿತು, ಒಂದು ಹರಳಿಗಾಗಿ ಬಹಳ ಹೊತ್ತು ಯೋಚಿಸುತ್ತಿದ್ದರೆ ಹಿರಿಯರು ನಗಬೇಕಾಗಿಲ್ಲ. ತಿಂಗಳ ಸಂಬಳದಲ್ಲಿ ಇಂದಿನ ಖರ್ಚಿಗೆ ಎಷ್ಟು, ನಾಳಿನ ಉಳಿತಾಯಕ್ಕೆ ಎಷ್ಟು ಎಂದು ಗೃಹಸ್ಥನು ಹಾಕುವ ಲೆಕ್ಕವೂ ಇದೇ ಜಾತಿಯದು. ಪೆಟ್ಟಿಗೆಯಲ್ಲಿ ಉಳಿದ ಮಾಣಿಕ್ಯ ಸುಡುವುದೂ ಇಲ್ಲ, ಕಾಯುವುದೂ ಇಲ್ಲ.