ದಡದ ಮೇಲಿನ ಪಂದ್ಯ

ಈಜು ಬಲ್ಲವನಿಗೆ ನೀರಿನ ಭಯವಿಲ್ಲ. ಆದರೆ ಈಜು ಬಲ್ಲವಳಿಗೆ ಒಂದು ಕಾಲದಲ್ಲಿ ನೀರಿಗಿಂತ ದಡದ ಭಯವೇ ಹೆಚ್ಚಾಗಿತ್ತು. ಆಸ್ಟ್ರೇಲಿಯದ ಫ್ಯಾನಿ ಡ್ಯೂರಾಕಳ ಬಾಳೇ ಇದಕ್ಕೆ ಸಾಕ್ಷಿ.

೧೮೮೯ರಲ್ಲಿ ಸಿಡ್ನಿ ನಗರದಲ್ಲಿ ಜನಿಸಿದ ಫ್ಯಾನಿ, ಅಲ್ಲಿಯ ಕೂಜಿ ಕಡಲತೀರದ ಕೊಳದಲ್ಲಿ ಈಜು ಕಲಿತಳು. ೧೯೦೬ರಲ್ಲಿ ತನ್ನ ರಾಜ್ಯದ ಮೊದಲ ಪ್ರಶಸ್ತಿಯನ್ನು ಗಳಿಸಿದಳು. ಅವಳಿಗಿಂತ ಎರಡು ವರ್ಷ ಕಿರಿಯಳಾದ ಮಿನಾ ವೈಲಿ ಆಕೆಯ ಪ್ರತಿಸ್ಪರ್ಧಿ. ಹಾಗೆಯೇ ಆಪ್ತ ಗೆಳತಿ. ಒಂದು ಪಂದ್ಯದಲ್ಲಿ ಇವಳು ಗೆದ್ದರೆ ಇನ್ನೊಂದರಲ್ಲಿ ಅವಳು.

೧೯೧೨ರ ಸ್ಟಾಕ್‌ಹೋಮ್ ಒಲಿಂಪಿಕ್ ಕೂಟದಲ್ಲಿ ಮೊತ್ತಮೊದಲಿಗೆ ಮಹಿಳೆಯರ ಈಜು ಪಂದ್ಯಗಳಿಗೆ ಎಡೆ ದೊರೆಯಿತು. ಆದರೆ ಪುರುಷರು ನೋಡುತ್ತಿರುವಲ್ಲಿ ಹೆಂಗಸರು ಸ್ಪರ್ಧಿಸಕೂಡದೆಂಬುದು ನ್ಯೂ ಸೌತ್ ವೇಲ್ಸ್ ಮಹಿಳಾ ಈಜು ಸಂಘದ ಕಟ್ಟಳೆ. ಸಂಘದ ಅಧ್ಯಕ್ಷೆ ರೋಸ್ ಸ್ಕಾಟ್ ಹಿಂದುಳಿದ ವಿಚಾರದವರೇನಲ್ಲ. ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿದ ಮುಂದಾಳು. ಮತಗಟ್ಟೆಗೆ ಹೆಣ್ಣನ್ನು ಕರೆತಂದವರೇ ಈಜುಕೊಳದ ಬಾಗಿಲಲ್ಲಿ ಆಕೆಯನ್ನು ತಡೆದದ್ದು ವಿಚಿತ್ರವಾದರೂ ನಿಜ. ಜನಾಭಿಪ್ರಾಯ ಕೆರಳಿತು, ಕಟ್ಟಳೆ ಸಡಿಲಿತು, ಸ್ಕಾಟ್ ಅವರು ಪ್ರತಿಭಟಿಸಿ ರಾಜೀನಾಮೆ ಕೊಟ್ಟರು.

ಇನ್ನುಳಿದದ್ದು ಹಣದ ಮಾತು. ತಮ್ಮ ಖರ್ಚನ್ನು ತಾವೇ ನೋಡಿಕೊಳ್ಳುವುದಾದರೆ ಹೋಗಬಹುದೆಂದು ಅಧಿಕಾರಿಗಳು ಹೇಳಿದರು. ಫ್ಯಾನಿಗಾಗಿ ಸಾರ್ವಜನಿಕರು ಚಂದಾ ಎತ್ತಿದರು. ಮಿನಾಳಿಗೆ ಮನೆಯವರೂ ಸ್ನೇಹಿತರೂ ನೆರವಾದರು. ಕಾವಲಿಗೆಂದು ಒಬ್ಬಳೊಡನೆ ಸೋದರಿ, ಇನ್ನೊಬ್ಬಳೊಡನೆ ತಂದೆ ಹಡಗು ಹತ್ತಿದರು.

ನೂರು ಮೀಟರ್ ಪಂದ್ಯದಲ್ಲಿ ಎಂಟು ದೇಶಗಳ ೨೭ ಮಂದಿ ಈಜುಗಾರ್ತಿಯರಿದ್ದರು. ಪ್ರಾಥಮಿಕ ಸುತ್ತಿನಲ್ಲಿಯೇ ಫ್ಯಾನಿ ೧ ನಿಮಿಷ ೧೯.೮ ಸೆಕೆಂಡುಗಳಲ್ಲಿ ಗುರಿಮುಟ್ಟಿ ವಿಶ್ವದಾಖಲೆ ಸ್ಥಾಪಿಸಿದಳು. ಜುಲೈ ೧೨ರ ಅಂತಿಮ ಸ್ಪರ್ಧೆಯಲ್ಲಿ ಸ್ವರ್ಣಪದಕ ಅವಳದಾಯಿತು. ಎರಡನೆಯ ಸ್ಥಾನ ಯಾರಿಗೆ? ಮಿನಾ ವೈಲಿಗೆ! ಕಳುಹಿಸಲು ಹಿಂದುಮುಂದು ನೋಡಿದ ಇಬ್ಬರೇ ಮೊದಲೆರಡು ಪದಕಗಳನ್ನು ಊರಿಗೆ ತಂದರು.

ಮುಂದೆ ವಿಧಿ ಅಷ್ಟು ಉದಾರವಾಗಲಿಲ್ಲ. ೧೯೧೫ರಲ್ಲಿ ಫ್ಯಾನಿ ತನ್ನ ದಾಖಲೆಯನ್ನು ೧ ನಿಮಿಷ ೧೬.೨ ಸೆಕೆಂಡುಗಳಿಗೆ ಇಳಿಸಿದಳಾದರೂ, ಮಹಾಯುದ್ಧದಿಂದಾಗಿ ೧೯೧೬ರ ಕೂಟವೇ ನಡೆಯಲಿಲ್ಲ. ೧೯೨೦ರ ಕೂಟ ಸಮೀಪಿಸುತ್ತಿದ್ದಂತೆ ಕಾಯಿಲೆ ಆಕೆಯನ್ನು ಹಾಸಿಗೆಗೆ ಕೆಡವಿತು. ೧೯೨೧ರಲ್ಲಿ ಸ್ಪರ್ಧೆಗಳಿಗೆ ವಿದಾಯ ಹೇಳಿ ವಿವಾಹವಾದಳು. ಅನಂತರ ಮಕ್ಕಳಿಗೆ ಈಜು ಕಲಿಸುವುದರಲ್ಲಿ ಸಾರ್ಥಕ್ಯ ಕಂಡಳು.

೧೯೫೬ರ ಮಾರ್ಚಿಯಲ್ಲಿ ಫ್ಯಾನಿ ತೀರಿಕೊಂಡಳು. ಅದೇ ವರ್ಷದ ಕೊನೆಗೆ ಮೆಲ್ಬರ್ನ್ ಒಲಿಂಪಿಕ್ ಕೂಟದ ನೂರು ಮೀಟರ್ ಪಂದ್ಯದಲ್ಲಿ ಡಾನ್ ಫ್ರೇಸರ್ ಮೊದಲಾಗಿ ಆಸ್ಟ್ರೇಲಿಯದ ಮೂವರು ತರುಣಿಯರು ಮೂರು ಪದಕಗಳನ್ನೂ ಬಾಚಿಕೊಂಡರು. ದಡದಲ್ಲಿ ಗಂಡಸರೂ ಹೆಂಗಸರೂ ಕೂಡಿ ನಿಂತು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯಲ್ಲಿ, ನಲವತ್ತನಾಲ್ಕು ವರ್ಷಗಳ ಹಿಂದೆ ದಡವನ್ನೇ ಮೊದಲು ಗೆಲ್ಲಬೇಕಾಗಿ ಬಂದವಳಿಗೂ ಒಂದು ಪಾಲಿತ್ತು.