ನಾಯಿ ತಿರುಗಿಸುವವನು ಆ್ಯಪಿನವನೋ, ನಮ್ಮವನೋ?

ನಾಯಿಯನ್ನು ವಾಕಿಂಗ್ ಕರೆದುಕೊಂಡು ಹೋಗೋದಕ್ಕೆ ದುಡ್ಡು ಕೊಡ್ತಾರೆ ಅಂತ ನಮ್ಮ ಅಂತರಸಂತೆಯಲ್ಲಿ ಹೇಳಿ ನೋಡಿ, ಜನ ನಗ್ತಾರೆ. ನಮ್ಮ ಕಡೆ ನಾಯಿ ತಾನೇ ಊರು ಸುತ್ತಿ ತಾನೇ ಮನೆಗೆ ಬರುತ್ತೆ. ನಾಗರಹೊಳೆ ಕಾಡಿನ ಅಂಚಿನ ಊರು, ರಾತ್ರಿ ಚಿರತೆ ಬಾಯಿಗೆ ಸಿಗದಿದ್ದರೆ ಅದೇ ದೊಡ್ಡದು. ಆದರೆ ಬೆಂಗಳೂರಿನಲ್ಲಿ ಹತ್ತನೇ ಮಹಡಿಯ ಫ್ಲ್ಯಾಟಿನಲ್ಲಿರುವ ಲ್ಯಾಬ್ರಡಾರನ್ನು ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಯಾರಾದರೂ ಕೆಳಗಿಳಿಸಲೇಬೇಕು. ಮನೆಯವರಿಗೆ ಆಫೀಸು, ಟ್ರಾಫಿಕ್ಕು, ಸುಸ್ತು. ಹಾಗಾಗಿ ಅದೂ ಒಂದು ಕೆಲಸವಾಗಿದೆ. ಕೆಲಸ ಅಂದಮೇಲೆ ಕೂಲಿ, ರಜ, ಗಾಯ, ಮರ್ಯಾದೆ ಎಲ್ಲದರ ಪ್ರಶ್ನೆಯೂ ಬಂತು.

ಈ ಕೆಲಸಕ್ಕೆ ಆಳು ಸಿಗೋದು ಎರಡು ದಾರಿಯಲ್ಲಿ. ಒಂದು, ಆ್ಯಪಿನಲ್ಲಿ ಬಟನ್ ಒತ್ತಿದಾಗ ಹತ್ತಿರದಲ್ಲಿ ಯಾರು ಬಿಡುವಾಗಿದ್ದಾರೋ ಅವರು ಬರೋದು. ಇವತ್ತು ಒಬ್ಬ, ನಾಳೆ ಇನ್ನೊಬ್ಬ. ಇನ್ನೊಂದು, ಒಬ್ಬನನ್ನು ನೋಡಿ, ಮಾತಾಡಿ, ಒಪ್ಪಿಕೊಂಡು, ದಿನಾ ಅವನೇ ಬರೋದು. ಹೊಸ ಕಾಲಕ್ಕೆ ಮೊದಲನೆಯದೇ ಸರಿ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಆಟೋ ಬರುತ್ತೆ, ಊಟ ಬರುತ್ತೆ, ನಾಯಿ ತಿರುಗಿಸುವವನೂ ಬರಲಿ ಅಂತ. ನನಗೆ ಹಾಗನ್ನಿಸೋದಿಲ್ಲ.

ಮೊದಲು ನಾಯಿಯ ಕಡೆಯಿಂದಲೇ ನೋಡೋಣ. ಊಟದ ಪೊಟ್ಟಣಕ್ಕೆ ತಂದವನು ಯಾರಾದರೇನು? ನಾಯಿಗೆ ಹಾಗಲ್ಲ. ಅದು ವಾಸನೆಯಿಂದ ಮನುಷ್ಯನನ್ನು ಗುರುತು ಇಟ್ಟುಕೊಳ್ಳುವ ಪ್ರಾಣಿ. ಯಜಮಾನ ಇಲ್ಲದ ಹೊತ್ತಿನಲ್ಲಿ ಗುರುತಿಲ್ಲದವನು ಬೀಗ ತೆಗೆದು ಒಳಗೆ ಬಂದು ಕೊರಳಿಗೆ ಕೈ ಹಾಕಿದರೆ ಅದು ಹೆದರುತ್ತೆ, ಇಲ್ಲಾ ಕಚ್ಚುತ್ತೆ, ಇಲ್ಲಾ ರಸ್ತೆಯಲ್ಲಿ ಬೆಲ್ಟು ಕಳಚಿಕೊಂಡು ಓಡುತ್ತೆ. ಯಾವ ತಿರುವಿನಲ್ಲಿ ಬೀದಿನಾಯಿಗಳ ಗುಂಪಿದೆ, ಯಾವ ಅಂಗಡಿ ಮುಂದೆ ಕೋಳಿಮೂಳೆ ಬಿದ್ದಿರುತ್ತೆ, ಪಟಾಕಿ ಸದ್ದಿಗೆ ಇದು ಎಷ್ಟು ನಡುಗುತ್ತೆ... ಇವೆಲ್ಲ ದಿನಾ ಬರುವವನಿಗೆ ಮಾತ್ರ ಗೊತ್ತು. ನಿನ್ನೆಗಿಂತ ಇವತ್ತು ಕಾಲು ಎಳೀತಾ ಇದೆ ಅಂತ ಹೇಳಬೇಕಾದರೆ ನಿನ್ನೆಯೂ ನೋಡಿರಬೇಕಲ್ಲ? ನಮ್ಮೂರಲ್ಲಿ ದನ ಕಾಯುವವನನ್ನು ದಿನಕ್ಕೊಬ್ಬರಂತೆ ಬದಲಾಯಿಸುತ್ತೀವಿ ಅಂದರೆ ಯಾರಾದರೂ ಹಸು ಬಿಡ್ತಾರಾ?

ಇನ್ನು ತಿರುಗಿಸುವವನ ಲೆಕ್ಕ. ಎಲ್ಲಾ ನಾಯಿಗೂ ಹೊರಗೆ ಹೋಗಬೇಕಾದ ಹೊತ್ತು ಹೆಚ್ಚುಕಮ್ಮಿ ಒಂದೇ, ಬೆಳಗ್ಗೆ ಆರರಿಂದ ಎಂಟೂವರೆ, ಸಂಜೆ ಐದರಿಂದ ಎಂಟು. ಆ ಹೊತ್ತಿನಲ್ಲಿ ಒಂದು ಬುಕಿಂಗ್ ಈ ಬಡಾವಣೆಯಲ್ಲಿ, ಇನ್ನೊಂದು ಮೂರು ಕಿಲೋಮೀಟರ್ ಆಚೆ ಅಂದರೆ ದುಡಿಮೆಯ ಹೊತ್ತೆಲ್ಲ ಸ್ಕೂಟರ್ ಮೇಲೆಯೇ ಹೋಯಿತು. ಪೆಟ್ರೋಲು ಅವನದೇ, ಕಾಯುವ ಹೊತ್ತಿಗೆ ಕಾಸಿಲ್ಲ. ಅದೇ ಒಂದೇ ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಮನೆ ಕಾಯಮ್ಮಾಗಿ ಸಿಕ್ಕರೆ ಒಂದರ ಹಿಂದೆ ಒಂದು ಮುಗಿಸಿ, ಹತ್ತು ಗಂಟೆಗೆ ಬೇರೆ ಕೆಲಸಕ್ಕೋ ಕಾಲೇಜಿಗೋ ಹೋಗಬಹುದು.

ಅಮೆರಿಕದಲ್ಲಿ ಇದರ ಆಟ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದಿದೆ. 2015ರಲ್ಲಿ ಶುರುವಾದ ವ್ಯಾಗ್ ಎಂಬ ಕಂಪನಿ ಒತ್ತಿದ ತಕ್ಷಣ ಆಳು ಅನ್ನುವ ದಾರಿ ಹಿಡಿಯಿತು. 2018ರಲ್ಲಿ ಸಾಫ್ಟ್‌ಬ್ಯಾಂಕ್ ಅದಕ್ಕೆ 30 ಕೋಟಿ ಡಾಲರ್ ಸುರಿಯಿತು. ತಿರುಗಿಸುವವರಿಂದ ಅದು ಹಿಡಿದುಕೊಳ್ಳುತ್ತಿದ್ದ ಪಾಲು 100ಕ್ಕೆ 40. 2011ರಲ್ಲಿ ಹುಟ್ಟಿದ ರೋವರ್ ಕಂಪನಿಯದು ಬೇರೆ ದಾರಿ. ನೀವೇ ಒಬ್ಬರನ್ನು ಆರಿಸಿ, ಮೊದಲು ಭೇಟಿ ಮಾಡಿ, ಆಮೇಲೆ ಒಪ್ಪಿಸಿ. ದರ ಇಡುವವರು ಕೆಲಸ ಮಾಡುವವರೇ, ಕಂಪನಿಯ ಪಾಲು ಸುಮಾರು 20. ರೋವರನ್ನು ಬ್ಲ್ಯಾಕ್‌ಸ್ಟೋನ್ 2024ರಲ್ಲಿ ಸುಮಾರು 230 ಕೋಟಿ ಡಾಲರಿಗೆ ಕೊಂಡುಕೊಂಡಿತು. ವ್ಯಾಗ್ 2025ರ ಜುಲೈನಲ್ಲಿ ದಿವಾಳಿ ಅರ್ಜಿ ಹಾಕಿತು. ಇದೊಂದೇ ಕಾರಣ ಅಂತ ನಾನು ಹೇಳೋದಿಲ್ಲ, ಸಾಲವೂ ಇತ್ತು. ಆದರೂ ನಾಯಿಯನ್ನು ಪಿಜ್ಜಾ ಥರ ನೋಡೋದಕ್ಕಾಗಲ್ಲ ಅನ್ನೋದು ಇದರಿಂದ ಅರ್ಥವಾಗುತ್ತೆ.

ಹಾಗಾದರೆ ಆ್ಯಪ್ ಕಿತ್ತು ಹಾಕಿ, ನೇರವಾಗಿ ಮಾತಾಡಿಕೊಳ್ಳಿ, ಕಮಿಷನ್ ಉಳೀತು... ಇಷ್ಟೇನಾ? ಇಲ್ಲೇ ಸ್ವಲ್ಪ ನಿಲ್ಲಬೇಕು ಸ್ವಾಮಿ. ಆ ಉಳಿದ ಕಮಿಷನ್ ಯಾರ ಜೇಬಿಗೆ ಹೋಯಿತು?

ನಮ್ಮ ಎಚ್.ಡಿ. ಕೋಟೆ ತಾಲೂಕಿನ ಜನರಿಗೆ ಈ ಎರಡೂ ದಾರಿ ಹೊಸದೇನಲ್ಲ. ಕೊಡಗಿನ ಕಾಫಿ ತೋಟಕ್ಕೆ ಜೀಪಿನಲ್ಲಿ ಆಳು ತುಂಬಿಕೊಂಡು ಹೋಗುವ ಮೇಸ್ತ್ರಿಯನ್ನು ನೋಡಿದವರಿಗೆ ಆ್ಯಪ್ ಅಂದರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕೆಲಸ ಕೊಡಿಸ್ತಾನೆ, ಪಾಲು ಹಿಡೀತಾನೆ, ಬೇಡ ಅನ್ನಿಸಿದ ದಿನ ಜೀಪು ಹತ್ತಿಸಿಕೊಳ್ಳೋದಿಲ್ಲ. ಇನ್ನು ಮಧ್ಯೆ ಯಾರೂ ಇಲ್ಲದ 'ನಮ್ಮವನು' ಅನ್ನುವ ನೇರ ಸಂಬಂಧ? ಅದರ ಕೊನೇ ಮೆಟ್ಟಿಲೇ ಜೀತ. ಒಂದಿಷ್ಟು ಮುಂಗಡ, ವರ್ಷಕ್ಕಿಷ್ಟು ರಾಗಿ, ಒಂದು ಕಂಬಳಿ. ಅವನು ನಮ್ಮ ಮನೇವನೇ ಅನ್ನುವ ಮಾತು ಬೇರೆ. ಅದನ್ನು ನಿಲ್ಲಿಸೋದಕ್ಕೆ 1976ರ ಕಾಯ್ದೆಯೇ ಬರಬೇಕಾಯಿತು. ಆಗ ಮುಖ್ಯಮಂತ್ರಿಯಾಗಿದ್ದವರು ಪಕ್ಕದ ಹುಣಸೂರಿನ ದೇವರಾಜ ಅರಸು. ಬೆಂಗಳೂರಿನ ನಾಯಿ ವಾಕಿಂಗ್ ಜೀತ ಅಂತ ನಾನು ಹೇಳ್ತಾ ಇಲ್ಲ. 'ಮನೆಯವನ ಥರ' ಅನ್ನೋ ಮಾತು ಕೂಲಿಗೂ ಸಮ ಅಲ್ಲ, ರಜಕ್ಕೂ ಸಮ ಅಲ್ಲ ಅಂತ ಮಾತ್ರ ಹೇಳ್ತಾ ಇದ್ದೀನಿ.

ಇದರ ಜೊತೆಗೆ ಇನ್ನೊಂದು ಗಂಟು ಬಂದಿದೆ. ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಕಾಯ್ದೆ ಬಂತು. ಆ್ಯಪ್ ಮೂಲಕ ನಡೆಯುವ ಪ್ರತಿ ಕೆಲಸಕ್ಕೂ, ಕಾರ್ಮಿಕನಿಗೆ ಕೊಡುವ ಹಣದ ಮೇಲೆ 100ಕ್ಕೆ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಸುಮ್ಮನೆ ಕೆಲಸದಿಂದ ತೆಗೆಯುವ ಹಾಗಿಲ್ಲ, ಕಾರಣ ಕೊಟ್ಟು 14 ದಿನ ಮೊದಲೇ ತಿಳಿಸಬೇಕು. ಒಳ್ಳೆಯದೇ. ಆದರೆ ಆ್ಯಪಿನಿಂದ ಹೊರಬಂದು ನಿಮ್ಮ ಜೊತೆ ನೇರವಾಗಿ ಒಪ್ಪಿಕೊಂಡವನಿಗೆ ಆ ಶುಲ್ಕ ಕಟ್ಟುವವರು ಯಾರು? ವಾಟ್ಸಾಪಿನಲ್ಲಿ "ನಾಳೆಯಿಂದ ಬರಬೇಡಪ್ಪಾ" ಅಂತ ಒಂದು ಸಾಲು ಕಳಿಸಿದರೆ ಅವನ 14 ದಿನ ಎಲ್ಲಿ ಹೋಯಿತು? ನಾಯಿಗೆ ಯಾವುದು ಒಳ್ಳೆಯದೋ ಅದನ್ನು ಆರಿಸಿಕೊಂಡದ್ದಕ್ಕೆ ಅವನು ಕಾನೂನಿನ ನೆರಳನ್ನೇ ಬಿಟ್ಟುಕೊಡಬೇಕು. ಇದು ನ್ಯಾಯ ಅಲ್ಲ.

ಅದಕ್ಕೇ ನಾನು ಹೇಳೋದು, ಗುರುತು ಮಾಡಿಸೋದಕ್ಕೆ ಆ್ಯಪ್ ಇರಲಿ, ದಿನಾ ನಡೆಯುವ ಕೆಲಸಕ್ಕೆ ನೇರ ಒಪ್ಪಂದವೇ ಇರಲಿ. ಊರಿಗೆ ಹೊಸಬರಿಗೆ, ಅವತ್ತೊಂದು ದಿನ ಮನೆಗೆ ಬರೋದು ತಡವಾದವರಿಗೆ ಆ್ಯಪ್ ಬೇಕು. ಒಂಟಿಯಾಗಿ ಗೊತ್ತಿಲ್ಲದವರ ಮನೆಗೆ ಹೋಗುವ ಹೆಣ್ಣುಮಗಳಿಗೆ ಎಲ್ಲಿಗೆ ಹೋದಳು ಅನ್ನುವ ದಾಖಲೆಯೂ ಬೇಕು. ಗುರುತು ಮಾಡಿಸಿದ್ದಕ್ಕೆ ಒಂದು ಸಲ ಶುಲ್ಕ ತಗೊಳ್ಳಲಿ. ಪ್ರತಿದಿನದ ಬೆವರಿನಲ್ಲಿ ಪಾಲು ಯಾಕೆ? ಇದು ಆಗದ ಮಾತೇನಲ್ಲ. ಬೆಂಗಳೂರಿನಲ್ಲೇ 2022ರ ನವೆಂಬರ್‌ನಲ್ಲಿ ಆಟೋ ಚಾಲಕರ ಸಂಘ ಜೊತೆಗಿದ್ದು ನಮ್ಮ ಯಾತ್ರಿ ಶುರುವಾಯಿತು. ಬಾಡಿಗೆಯಲ್ಲಿ ಕಮಿಷನ್ ಇಲ್ಲ, ದುಡ್ಡು ನೇರ ಚಾಲಕನ ಕೈಗೆ. 2023ರಿಂದ ಚಾಲಕರು ಕಟ್ಟುವುದು ದಿನಕ್ಕಿಷ್ಟು ಅಥವಾ ಟ್ರಿಪ್ಪಿಗಿಷ್ಟು ಅನ್ನುವ ಸಣ್ಣ ಮೊತ್ತ. ಆಮೇಲೆ ಊಬರ್ ಕೂಡ 2025ರಲ್ಲಿ ಆಟೋಗಳಿಗೆ ಕಮಿಷನ್ ಬಿಟ್ಟು ಚಂದಾ ದಾರಿಗೇ ಬಂತು.

ಇನ್ನು ನೇರವಾಗಿ ಇಟ್ಟುಕೊಳ್ಳುವ ಯಜಮಾನರು ಒಂದು ಹಾಳೆಯ ಮೇಲೆ ಐದು ವಿಷಯ ಬರೆದುಕೊಡಲಿ. ತಿಂಗಳಿಗೆ ಎಷ್ಟು. ವಾರಕ್ಕೊಂದು ರಜ. ನೀವು ಊರಿಗೆ ಹೋದ ದಿನಗಳಿಗೂ ದುಡ್ಡು. ನಾಯಿ ಕಚ್ಚಿದರೆ ಇಂಜೆಕ್ಷನ್ ಖರ್ಚು ಮತ್ತು ಕೆಲಸ ತಪ್ಪಿದ ದಿನಗಳ ಕೂಲಿ. ಬೇಡ ಅನ್ನಿಸಿದರೆ 14 ದಿನ ಮೊದಲು ತಿಳಿಸೋದು. ಕಮಿಷನ್ ಉಳಿದದ್ದರಲ್ಲಿ ಇಷ್ಟು ಆರಾಮಾಗಿ ಆಗುತ್ತೆ. ಸರ್ಕಾರವೂ ಒಂದು ಬಾಗಿಲು ತೆಗೆಯಲಿ. ನೇರ ಒಪ್ಪಂದದವನೂ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿಕೊಳ್ಳುವ ಹಾಗಿರಲಿ, ಶುಲ್ಕವನ್ನು ಮನೆಯವರೇ ಫೋನಿನಲ್ಲಿ ಕಟ್ಟುವ ಹಾಗಿರಲಿ. ಕರೆಂಟು ಬಿಲ್ಲು ಕಟ್ಟೋದಿಲ್ವಾ, ಹಾಗೆ.

ನಾಯಿಯ ಕೊರಳಿನ ಹಗ್ಗವನ್ನೂ ಮನೆಯ ಕೀಲಿಯನ್ನೂ ಒಬ್ಬನ ಕೈಗೆ ಕೊಡ್ತೀವಿ ಅಂದರೆ ಅವನ ಮೇಲೆ ನಮಗೆ ನಂಬಿಕೆ ಇದೆ ಅಂತಲೇ ತಾನೆ? ಅವನು ನಮ್ಮನ್ನು ನಂಬೋದಕ್ಕೆ ನಾವೂ ಏನಾದರೂ ಬರೆದು ಕೊಡಬೇಕಲ್ವಾ?