ಕ್ಯೂರಿಂಗ್‌ಗೆ ನೀರು ಹಾಕೋರು ಯಾರು?

ನಮ್ಮೂರು ರಾಯಚೂರು ಜಿಲ್ಲೆಯ ಸಂತೆಕಲ್ಲೂರು. ಬರೋ ಬೇಸಿಗೆಗೆ ನಮ್ಮ ಮನೆಯ ಪಡಸಾಲಿ ರಿಪೇರಿ ಆಗ್ಬೇಕು. ಪ್ಲಾಸ್ಟರ್ ಉದುರ್ತಿದೆ, ವೈರಿಂಗ್ ಹಳೇದು, ನೆಲದ ಶಹಾಬಾದ್ ಕಲ್ಲು ಅಲುಗಾಡ್ತವೆ. ಯಾವ ಕೆಲಸ ಯಾವಾಗ ಅಂತ ಪಟ್ಟಿ ಮಾಡೋ ಜವಾಬ್ದಾರಿಯನ್ನು ಅಪ್ಪ ನನಗೆ ಕೊಟ್ಟಿದ್ದಾರೆ, ಸಿವಿಲ್ ಓದ್ತೀನಲ್ಲ ಅಂತ. ಪಟ್ಟಿ ಮಾಡ್ತಾ ಮಾಡ್ತಾ ನನಗೆ ಅನಿಸಿದ್ದು ಇಷ್ಟು: ನಾವು ಕಲಿಯೋ ಶೆಡ್ಯೂಲ್‌ನಲ್ಲಿ ಆ ಮನೆಯಲ್ಲಿ ಬದುಕೋರಿಗೇ ಜಾಗ ಇಲ್ಲ.

ಕೆಲಸದ ಕ್ರಮ ಕಷ್ಟ ಏನಲ್ಲ. ಗೋಡೆ ಕೊರೆದು ವೈರಿಂಗ್ ಪೈಪ್ ಹಾಕೋದು ಮೊದಲು. ಆಮೇಲೆ ಪ್ಲಾಸ್ಟರ್, ಅದರ ಕ್ಯೂರಿಂಗ್, ನಂತರ ಟೈಲ್ಸ್. ಗೋಡೆ ಪೂರ್ತಿ ಒಣಗಿದ ಮೇಲೆ ಪೇಂಟ್. ಇದನ್ನೆಲ್ಲ ಕ್ರಿಟಿಕಲ್ ಪಾತ್ ವಿಧಾನದಲ್ಲಿ ಹಾಕಬಹುದು. ಅದು 1950ರ ದಶಕದ ಕೊನೆಯಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ತನ್ನ ಕಾರ್ಖಾನೆಗಳ ನಿರ್ಮಾಣ ಮತ್ತು ರಿಪೇರಿಗೆ ಬೆಳೆಸಿದ ವಿಧಾನ. ಕಾರ್ಖಾನೆ ಬಂದ್ ಮಾಡಬಹುದು. ಪಡಸಾಲಿ ಬಂದ್ ಮಾಡಿದ್ರೆ ತಾತ ಎಲ್ಲಿ ಮಲಗ್ಬೇಕು? ಜೋಳದ ಚೀಲ ಎಲ್ಲಿ ಇಡ್ಬೇಕು?

ಹಾಗಾಗಿ ನಮ್ಮಲ್ಲಿ ದಿನ ಗೊತ್ತು ಮಾಡೋದು ಸಿಮೆಂಟ್ ಅಲ್ಲ. ಡಿಸೆಂಬರ್‌ನಲ್ಲಿ ಹತ್ತಿ ಬಿಡಿಸೋದು, ತೊಗರಿ ಕೊಯ್ಯೋದು, ಆಳು ಸಿಗಲ್ಲ. ಮಾರ್ಚ್‌ನಲ್ಲಿ ತಂಗಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ, ಅವಳು ಓದೋದೂ ಪಡಸಾಲಿಯಲ್ಲೇ. ಜೂನ್ ಬಂತು ಅಂದ್ರೆ ಮುಂಗಾರು, ಬಿತ್ತನೆ. ಉಳಿಯೋದು ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆವರೆಗೆ. ಆಗ ಸಾಮಾನೆಲ್ಲ ಅಂಗಳಕ್ಕೆ ಹಾಕಿ, ಅಕಾಲ ಮಳೆ ಬಂದ್ರೆ ಅಂತ ಒಂದು ತಾಡಪತ್ರಿ ಇಟ್ಕೋಬಹುದು. ತಾತ ಬೇಸಿಗೆಯಲ್ಲಿ ಹೇಗೂ ಹೊರಗೇ ಮಲಗ್ತಾರೆ. ಅಮಾಸಿಗೆ ಗೌಂಡಿ ಬರಲ್ಲ ಅನ್ನೋದನ್ನೂ ಲೆಕ್ಕಕ್ಕೆ ಹಿಡಿದ್ರೆ ಐದಾರು ವಾರ ಸಾಕು.

ಆದ್ರೆ ಅದೇ ಸಮಯಕ್ಕೆ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತೆ, ನೀರೂ ಕಡಿಮೆ. ಒಣ, ಬಿಸಿ ಹವೆಯಲ್ಲಿ ಕಾಂಕ್ರೀಟ್ ಕ್ಯೂರಿಂಗ್ 10 ದಿನಕ್ಕಿಂತ ಕಡಿಮೆ ಇರಬಾರದು ಅಂತ ಐಎಸ್ 456 ಹೇಳುತ್ತೆ. ಪ್ಲಾಸ್ಟರ್ ತೆಳು, ಇನ್ನೂ ಬೇಗ ಒಣಗುತ್ತೆ, ಅದಕ್ಕೂ ಕನಿಷ್ಠ 7 ದಿನ ನೀರು ಬೇಕು. ಸಾಫ್ಟ್‌ವೇರ್‌ನಲ್ಲಿ ಈ 7 ದಿನಾನ ಎರಡು ಕೆಲಸದ ನಡುವಿನ ‘ಲ್ಯಾಗ್’ ಅಂತ ಹಾಕಿಬಿಡ್ತೀವಿ. ಲ್ಯಾಗ್ ಅಂದ್ರೆ ಬರೀ ಕಾಯೋದು. ಅದಕ್ಕೆ ಆಳಿಲ್ಲ, ಕೂಲಿ ಇಲ್ಲ, ಖರ್ಚಿಲ್ಲ.

ನಿಜವಾಗ್ಲೂ ಹಾಗಿದೆಯಾ? ಗೌಂಡಿ ಸಂಜೆ ಕೈ ತೊಳ್ಕೊಂಡು ಹೋಗ್ತಾನೆ. ಆಮೇಲೆ ನೀರು ಹಿಡಿದಿಟ್ಟು, ಕೊಡ ಹೊತ್ತು, ದಿನಕ್ಕೆ ಮೂರು ಸಲ ಗೋಡೆಗೆ ಹೊಡೆಯೋದು ಯಾರು? ನಮ್ಮೂರಲ್ಲಿ ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಅಮ್ಮ, ಅಕ್ಕ, ಸೊಸೆ. ಕೆಲಸದವರಿಗೆ ಚಹಾ ಮಾಡೋದು, ಧೂಳು ಗುಡಿಸೋದು, ಅಂಗಳದಲ್ಲಿ ಅಡುಗೆ ಮಾಡೋದು ಇದರ ಜೊತೆಗೆ. ಚಾರ್ಟ್‌ನಲ್ಲಿ ಖಾಲಿ ಕಾಣೋ ಜಾಗದಲ್ಲೇ ಅವರ ಕೆಲಸ ಜಾಸ್ತಿ.

“ಒಂದು ರೂಮಿಗೆ ಇಷ್ಟೆಲ್ಲಾ ಯಾಕೆ, ಗೌಂಡಿಗೆ ಹೇಳಿದ್ರೆ ಮುಗೀತು” ಅನ್ನಬಹುದು. ಗೌಂಡಿಗೆ ಅವನ ಕೆಲಸ ಗೊತ್ತು, ಒಪ್ತೀನಿ. ಆದ್ರೆ ನೀರು ಹಾಕೋದು ಅವನ ಲೆಕ್ಕದಲ್ಲಿ ಇಲ್ಲ. ಎರಡು ದಿನ ತಪ್ಪಿದ್ರೆ ಗೋಡೆ ಬಿರುಕು ಬಿಡುತ್ತೆ, ಬೈಗುಳ ಮಾತ್ರ ಮನೆಯಲ್ಲಿ ಇದ್ದವರಿಗೆ. ಹೆಸರೇ ಬರೆಯದ ಕೆಲಸಕ್ಕೆ ಬೈಗುಳ ಮಾತ್ರ ಹೆಸರಿಟ್ಟು ಸಿಗೋದು ಯಾವ ನ್ಯಾಯ?

ಅದಕ್ಕೆ ನನ್ನ ಪಟ್ಟಿಯಲ್ಲಿ ಕ್ಯೂರಿಂಗ್‌ಗೂ ಒಂದು ಸಾಲು ಇದೆ. ಬೆಳಗ್ಗೆ ಅಪ್ಪ, ಸಂಜೆ ತಮ್ಮ, ಮಧ್ಯಾಹ್ನಕ್ಕೆ ಕೂಲಿ ಕೊಟ್ಟು ಒಂದು ಆಳು. ಖರ್ಚು ಸ್ವಲ್ಪ ಹೆಚ್ಚಾಗುತ್ತೆ. ಅದು ಹೊಸ ಖರ್ಚಲ್ಲ, ಇಷ್ಟು ದಿನ ಯಾರೋ ಪುಕ್ಕಟೆ ಮಾಡ್ತಿದ್ದ ಕೆಲಸದ ಬೆಲೆ.

ಫ್ರೆಂಡ್ಸ್, ಮುಂದಿನ ಸಲ ಅಸೈನ್‌ಮೆಂಟ್‌ಗೆ ಬಾರ್ ಚಾರ್ಟ್ ಮಾಡುವಾಗ ‘ಕ್ಯೂರಿಂಗ್ – 7 ದಿನ’ ಅಂತ ಬರೆದು ಬಿಡಬೇಡಿ. ಪಕ್ಕದಲ್ಲಿ ನೀರು ಹಾಕೋರ ಹೆಸರೂ ಬರೀರಿ.